ಸಸ್ಯಶಾಸ್ತ್ರಜ್ಞ ಡಾಕ್ಟರ್ ರಾಬರ್ಟ್ ವೈಟ್

ಪಲ್ಲಾವರದ ನಮ್ಮವರ ಹೋಟೆಲುಗಳಲ್ಲಿ ಕೋಳಿ ಕೂಗುವ ಮೊದಲೇ ಒಗ್ಗರಣೆಗೆ ಸಿಡಿಯುವ ಸಾಸಿವೆಗೆ ನೀಲಗಿರಿಯ ಎತ್ತರದಲ್ಲಿ ಬಂಧುಗಳುಂಟು ಎಂದರೆ ವಾಚಕರು ನಕ್ಕಾರು. ಉಂಟು. ಮೊಳದುದ್ದ ಮೀರದ, ಬಿಳಿಯ ಹೂವಿನ ಆ ಗಿಡಗಳನ್ನು ಶಾಸ್ತ್ರಜ್ಞರು ಕಾರ್ಡಮೈನ್ ಎನ್ನುತ್ತಾರೆ. ಇಂಥ ಅಲ್ಪಸಸ್ಯಗಳನ್ನೂ ಉಪೇಕ್ಷಿಸದೆ ದಕ್ಷಿಣದೇಶದ ಸಸ್ಯಸಂಪತ್ತನ್ನು ಗ್ರಂಥಸ್ಥಗೊಳಿಸಿದವರಲ್ಲಿ ಡಾಕ್ಟರ್ ವೈಟರು ಅಗ್ರಗಣ್ಯರು.

ಸ್ಕಾಟ್ಲೆಂಡಿನಲ್ಲಿ 1796ರಲ್ಲಿ ಜನಿಸಿದ ಇವರು ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು, 1819ರಲ್ಲಿ ಕುಂಪಣಿ ಸರ್ಕಾರದ ಸೇನಾವೈದ್ಯರಾಗಿ ಮದರಾಸಿಗೆ ಬಂದರು. 1826ರಲ್ಲಿ ಸರ್ಕಾರದ ಪ್ರಕೃತಿಶಾಸ್ತ್ರಜ್ಞರ ಹುದ್ದೆ ದೊರೆಯಿತು. ಎರಡೇ ವರ್ಷಗಳಲ್ಲಿ ಗವರ್ನರ್ ಲಷಿಂಗ್ಟನ್ನರು ಆ ಹುದ್ದೆಯನ್ನೇ ರದ್ದುಗೊಳಿಸಿ ವೈಟರನ್ನು ನಾಗಪಟ್ಟಣದ ದಂಡಿನ ವೈದ್ಯರನ್ನಾಗಿ ಕಳುಹಿಸಿದರು. ಮಿತವ್ಯಯದ ಕತ್ತರಿ ಮೊದಲು ಬೀಳುವುದು ಇಂಥ ಕಡೆಗೇ ಎಂಬುದನ್ನು ಕಚೇರಿಯಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ವೈಟರು ಸಂಗ್ರಹವನ್ನು ನಿಲ್ಲಿಸಲಿಲ್ಲ. 1831ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೊರಟಾಗ ಅವರೊಡನೆ ಹಡಗೇರಿದ ಒಣಗಿಡಗಳು ಸುಮಾರು ಒಂದು ಲಕ್ಷ! ಅವುಗಳ ಆಧಾರದಿಂದ ವಾಕರ್ ಆರ್ನಟ್ಟರೊಡನೆ ಬರೆದ ಗ್ರಂಥದ ಮೊದಲ ಸಂಪುಟ 1834ರಲ್ಲಿ ಹೊರಬಂದಿತು. ಅದೇ ವರ್ಷ ಮರಳಿ ಬಂದವರು ನಮ್ಮ ಬಳ್ಳಾರಿಯಲ್ಲಿದ್ದ ಪಟಾಲಮನ್ನು ಸೇರಿ, ಅದರೊಡನೆ ಪಾಳಯಂಕೋಟೆಯವರೆಗೆ ಏಳುನೂರು ಮೈಲಿಗಳಿಗೂ ಮಿಕ್ಕಿ ನಡೆದರು. ದಾರಿಯುದ್ದಕ್ಕೂ ಗಿಡಗಳನ್ನು ಸಂಗ್ರಹಿಸಿದರು.

ಸಾಸಿವೆಯ ಕುಲವನ್ನು ಗುರುತಿಸುವುದು ಹೇಗೆ? ಹೂವಿಗೆ ಶಿಲುಬೆಯಂತೆ ಎದುರುಬದುರಾಗಿ ನಾಲ್ಕು ದಳಗಳು. ಒಳಗೆ ಆರು ಕೇಸರಗಳು, ನಾಲ್ಕು ಉದ್ದ, ಎರಡು ಗಿಡ್ಡ. ಮೂಲಂಗಿ ಹೂಬಿಟ್ಟಾಗಲೂ ಇದನ್ನು ಕಾಣಬಹುದು. ಕುಲವನ್ನು ಅರಿಯುವುದು ಸುಲಭ. ಒಳಭೇದಗಳನ್ನು ಅರಿಯುವುದು ಕಷ್ಟ, ಏಕೆಂದರೆ ಹೂಗಳೆಲ್ಲ ಒಂದೇ ತೆರ. ಆದುದರಿಂದ ಕಾಯಿಯನ್ನೂ ಎಲೆಯನ್ನೂ ನೋಡಬೇಕು. ಕಾರ್ಡಮೈನಿನಲ್ಲೇ ಒಂದು ಜಾತಿಗೆ ಮೂರು ಮೂರು ಕಿರುಎಲೆಗಳು. ಇನ್ನೊಂದಕ್ಕೆ ಗರಿಯಂತಹ ಎಲೆ, ಕೇಸರಗಳು ಅನೇಕ ವೇಳೆ ನಾಲ್ಕೇ. ಬಲಿತ ಕಾಯಿ ಬೆರಳು ತಾಗಿದರೆ ಸಿಡಿದು ಬೀಜವನ್ನು ಚೆಲ್ಲುತ್ತದೆ. ಪಾಳುನಿವೇಶನಗಳಲ್ಲಿ ಬೆಳೆಯುವ ಹಳದಿ ಹೂವಿನ ನಾಯಿಸಾಸಿವೆ ಮಾತ್ರ ಹೆಸರಿಗಷ್ಟೇ ಸಾಸಿವೆ. ಅದಕ್ಕೂ ನಾಲ್ಕೇ ದಳಗಳು, ಆದರೆ ಕೇಸರಗಳು ಹತ್ತಕ್ಕೂ ಹೆಚ್ಚು, ಮೈಯೆಲ್ಲ ಅಂಟು. ಅದರ ಕುಟುಂಬವೇ ಬೇರೆ.

ಇಷ್ಟು ಸೂಕ್ಷ್ಮವನ್ನು ಮಾತಿನಿಂದ ತಿಳಿಸುವುದು ದುಸ್ತರವೆಂದು ಬಗೆದ ವೈಟರು ಚಿತ್ರಗಳನ್ನು ಬರೆಯಿಸಿದರು. ಮದರಾಸಿನ ಅಚ್ಚುಕೂಟಗಳ ಕೆಲಸ ಒಪ್ಪಿಗೆಯಾಗದೆ, ಕಲ್ಲಚ್ಚಿನ ವಿದ್ಯೆಯನ್ನು ತಾವೇ ಕಲಿತರು. 1838ರಿಂದ 1853ರವರೆಗೆ ಆರು ಸಂಪುಟಗಳಲ್ಲಿ ಬಂದ ಅವರ ಮಹಾಗ್ರಂಥದಲ್ಲಿ 2101 ಚಿತ್ರಪಟಗಳಿವೆ. ನೀಲಗಿರಿಯ ಸಸ್ಯಗಳಿಗೇ ಬೇರೊಂದು ಪುಸ್ತಕವಾಯಿತು. ಇದೆಲ್ಲವೂ ಕೊಯಮತ್ತೂರಿನಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸುವ ಸರ್ಕಾರಿ ದುಡಿಮೆಯ ನಡುವೆ.

ಆ ಚಿತ್ರಗಳನ್ನು ಬರೆದವರು ಮೊದಲು ರಂಗಯ್ಯ, ಬಳಿಕ ಗೋವಿಂದು ಎಂಬ ಈ ನಾಡಿನ ಕಲಾವಿದರು. ಗಿಡ ಹೆಕ್ಕಿ ತಂದ ಕೂಲಿಯಾಳುಗಳ ಹೆಸರುಗಳು ಅಳಿದುಹೋದವು. ಈ ಇಬ್ಬರ ಹೆಸರುಗಳನ್ನು ವೈಟರು ಪಟದ ಕೆಳಗೆ ಅಚ್ಚುಹಾಕಿಸಿದರು. ಒಂದು ಸೀತಾಳೆಗಿಡದ ಕುಲಕ್ಕೆ ಗೋವಿಂದೂಯಾ ಎಂದೇ ನಾಮಕರಣ ಮಾಡಿದರು. ಈಚಿನ ಶಾಸ್ತ್ರಜ್ಞರು ಅದನ್ನು ಬೇರೊಂದು ಕುಲದಲ್ಲಿ ಸೇರಿಸಿದುದರಿಂದ ಆ ಹೆಸರು ಬಳಕೆಯಲ್ಲಿಲ್ಲ. ಇದು ನಮಗೆ ಖೇದಕರ. ವೈಟರು 1853ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿ, 1872ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ರಂಗಯ್ಯ, ಗೋವಿಂದು ಇವರ ಕುಂಚದ ಮೂಲಚಿತ್ರಗಳು ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಸುರಕ್ಷಿತವಾಗಿವೆ.