ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದೇ ಇಲ್ಲವೇ? ಚಾಟರ್ಟನ್ ಮತ್ತು ನಮ್ಮ ಡಬರಿಯ ಕಥೆ

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡಿಗೆ ಹೊರಟ ಪ್ರವಾಸಿ ತಂಡ ತಾನೇ ಅಡುಗೆ ಮಾಡಿಕೊಳ್ಳುವುದಾದರೆ, ಸಾಮಾನಿನಲ್ಲಿ ಒಂದಾದರೂ ಅಲ್ಯೂಮಿನಿಯಂ ಡಬರಿ ಇರುತ್ತದೆ. ಹಗುರ, ಅಗ್ಗ, ತುಕ್ಕಿನ ಭಯವಿಲ್ಲ ಎಂಬುದು ಎಲ್ಲರ ನಂಬಿಕೆ. ಈ ಪಾತ್ರೆಗಳ ತಯಾರಿಕೆಗೆ ಭಾರತದಲ್ಲಿ ನಾಂದಿ ಹಾಡಿದವರು ಆಲ್ಫ್ರೆಡ್ ಚಾಟರ್ಟನ್.

1866ರಲ್ಲಿ ಹುಟ್ಟಿದ ಈ ಆಂಗ್ಲ ಇಂಜಿನಿಯರ್ 1888ರಲ್ಲಿ ಪ್ರಾಧ್ಯಾಪಕರಾಗಿ ಮದ್ರಾಸಿಗೆ ಬಂದರು. 1898ರಲ್ಲಿ ಅಲ್ಲಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸತೊಡಗಿದರು. ಕೆಲಸ ಕುದುರಿದ ಮೇಲೆ ಅದು ಖಾಸಗಿ ಕಂಪನಿಯ ಕೈಸೇರಿತು. ಸರ್ಕಾರವೇ ಉದ್ಯಮ ನಡೆಸುವುದನ್ನು ಯುರೋಪಿಯನ್ ವರ್ತಕರು ವಿರೋಧಿಸಿದರು. 1910ರಲ್ಲಿ ಲಂಡನ್ನಿನಿಂದ ಭಾರತ ಸಚಿವ ಮಾರ್ಲೆ ಅದನ್ನು ಒಪ್ಪದೆ ಪತ್ರ ಬರೆದರು. 1912ರಲ್ಲಿ ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಾಗ, ಇಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆಗೆ ದುಡಿದರು. 1919ರಲ್ಲಿ ಸರ್ ಪದವಿ ಪಡೆದು, 1958ರಲ್ಲಿ ತೀರಿಕೊಂಡರು.

ಅವರು ತಂದ ಲೋಹಕ್ಕೆ ತುಕ್ಕು ಹಿಡಿಯುವುದಿಲ್ಲವೇ? ಹಿಡಿಯುತ್ತದೆ, ಆದರೆ ಆ ತುಕ್ಕೇ ಅದನ್ನು ಕಾಯುತ್ತದೆ. ಗಾಳಿ ತಾಗಿದ ಕೂಡಲೇ ಮೇಲೆ ಕೆಲವು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಕಬ್ಬಿಣದ ತುಕ್ಕಿನಂತೆ ಉದುರದೆ ಒಳಗಿನ ಲೋಹವನ್ನು ಮುಚ್ಚಿಡುತ್ತದೆ. ಹುಣಸೆಹುಳಿ, ನಿಂಬೆರಸ, ಸೋಡಾ ತಾಗಿದರೆ ಮಾತ್ರ ಈ ಪೊರೆ ಕರಗುತ್ತದೆ.

ಪೊರೆಯನ್ನು ದಪ್ಪ ಮಾಡುವ ವಿದ್ಯೆ ಆನೋಡೈಸಿಂಗ್. ಆಮ್ಲದಲ್ಲಿ ಪಾತ್ರೆಯನ್ನು ಧನಾಗ್ರವಾಗಿಸಿ ವಿದ್ಯುತ್ ಹಾಯಿಸಿದರೆ ಪೊರೆ ಮೈಕ್ರಾನ್‌ಗಳಷ್ಟು ಬೆಳೆಯುತ್ತದೆ. ಆದರೆ ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಕುದಿಯುವ ನೀರಿನಲ್ಲಿ ಅದ್ದಿ ಅವನ್ನು ಮುಚ್ಚುತ್ತಾರೆ. ಮುಚ್ಚಿದೆಯೇ ಎಂದು ಕಣ್ಣಿಗೆ ಕಾಣದು. ಅದಕ್ಕೇ ಇಂಪೆಡೆನ್ಸ್ ಪರೀಕ್ಷೆ: ಪೊರೆಯನ್ನು ಉಪ್ಪುನೀರಿಗೆ ತಾಗಿಸಿ, ಪರ್ಯಾಯ ವಿದ್ಯುತ್ತಿಗೆ ಅದು ಎಷ್ಟು ಅಡ್ಡಿಯಾಗುತ್ತದೆ ಎಂದು ಬೇರೆಬೇರೆ ಆವರ್ತನಗಳಲ್ಲಿ ಅಳೆಯುತ್ತಾರೆ. ಗಟ್ಟಿ ಪೊರೆ ಕೆಪಾಸಿಟರ್‌ನಂತೆ ವರ್ತಿಸಿ, ಕಡಿಮೆ ಆವರ್ತನದಲ್ಲಿ ಬಹಳ ಅಡ್ಡಿಯಾಗುತ್ತದೆ. ಉಪ್ಪುನೀರು ಒಳನುಸುಳಿ ಪೊರೆ ಕೆಟ್ಟರೆ ಆ ಅಡ್ಡಿ ಇಳಿಯುತ್ತದೆ.

ಚಾಟರ್ಟನ್ ಪಾತ್ರೆ ಮಾಡಿಸಿದ ಕಾಲಕ್ಕೆ ಆನೋಡೈಸಿಂಗ್ ಬಂದಿರಲಿಲ್ಲ. ಕೈಗಾರಿಕೆಗೆ ಅದು ಬಂದದ್ದು 1923ರ ಸುಮಾರಿಗೆ, ಇಂಗ್ಲೆಂಡಿನಲ್ಲಿ. ಇಂದಿಗೂ ಸಾದಾ ಡಬರಿಗಳಿಗೆ ಸಹಜ ಪೊರೆಯಷ್ಟೇ ಕಾವಲು. ಅನ್ನ ಮಾಡಿ, ಹಾಲು ಕಾಯಿಸಿ. ಹುಳಿ, ಉಪ್ಪಿನಕಾಯಿಗಳನ್ನು ಮಾತ್ರ ಸ್ಟೀಲಿನಲ್ಲೋ ಗಾಜಿನಲ್ಲೋ ಇಡಿ.