ರಾಧಾನಗರಿಯ ನೀರು: ರಾಜರ್ಷಿ ಶಾಹು ಮಹಾರಾಜರು

ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಭಾನುವಾರದ ಪೂಜೆ ಮುಗಿಸಿ ಹೊರಬಂದವರ ಮೊದಲ ಮಾತು ನೀರಿನದೇ. ಮರಾಠಿ ಪೂಜೆಯವರಾಗಲಿ, ಕೊಂಕಣಿಯವರಾಗಲಿ, ಕನ್ನಡದವರಾಗಲಿ, ನಿಮ್ಮ ಓಣಿಗೆ ನಳ ಯಾವಾಗ ಬಂತು ಎಂದು ಕೇಳದೆ ಮನೆಗೆ ಹೋಗುವವರು ಕಡಿಮೆ. ಇದೇ ಮೇ ತಿಂಗಳ 6ರಂದು, 1922ರಲ್ಲಿ, ಕೊಲ್ಹಾಪುರದ ರಾಜರ್ಷಿ ಶಾಹು ಛತ್ರಪತಿ ಮಹಾರಾಜರು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 48 ಕೂಡ ತುಂಬಿರಲಿಲ್ಲ. 1902ರಷ್ಟು ಹಿಂದೆಯೇ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟ ಅರಸರೆಂದು ಅವರನ್ನು ಎಲ್ಲರೂ ಬಲ್ಲರು. ಈ ಸಂಚಿಕೆಯಲ್ಲಿ ನಾವು ಬರೆಯಹೊರಟಿರುವುದು ಅವರ ನೀರಿನ ಕೆಲಸದ ಬಗ್ಗೆ. ಕೊಲ್ಹಾಪುರದಲ್ಲಿ ಇಂದು ನಾವು ಕುಡಿಯುವ ನೀರಿಗೂ ಅದಕ್ಕೂ ನೇರ ಸಂಬಂಧವಿದೆ.

ಅವರು ಹುಟ್ಟಿದ್ದು 1874ರ ಜೂನ್ 26ರಂದು, ಕಾಗಲದ ಘಾಟಗೆ ಮನೆತನದಲ್ಲಿ. ಹುಟ್ಟುಹೆಸರು ಯಶವಂತರಾವ್. ತಾಯಿ ರಾಧಾಬಾಯಿ ಮುಧೋಳದ ಅರಮನೆಯ ಮಗಳು. ಮಗುವಿಗೆ ಮೂರು ವರ್ಷವಾಗುವಷ್ಟರಲ್ಲಿ ಆಕೆ ತೀರಿಹೋದರು. 1884ರ ಮಾರ್ಚ್‌ನಲ್ಲಿ, ಇನ್ನೂ ಹತ್ತು ತುಂಬದ ಹುಡುಗನನ್ನು ಕೊಲ್ಹಾಪುರದ ರಾಣಿ ಆನಂದಿಬಾಯಿ ದತ್ತಕ ತೆಗೆದುಕೊಂಡರು. ಮೊದಲು ರಾಜಕೋಟದಲ್ಲಿ ಓದಿದರು. ಆಮೇಲೆ 1890ರಿಂದ ನಾಲ್ಕು ವರ್ಷ ಧಾರವಾಡದಲ್ಲಿ, ಸ್ಟುಅರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯ ಬಳಿ ರಾಜ್ಯಾಡಳಿತ ಕಲಿತರು. ತಾಯಿಯ ತವರು ಮುಧೋಳ, ಪಾಠ ಧಾರವಾಡದಲ್ಲಿ. ಈ ನಂಟನ್ನು ನಮ್ಮವರು ಯಾಕೋ ಹೆಚ್ಚು ಎತ್ತಿ ಆಡುವುದಿಲ್ಲ.

1894ರ ಏಪ್ರಿಲ್ 2ರಂದು ಅವರ ಕೈಗೆ ಅಧಿಕಾರ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ, 1896ರಲ್ಲಿ, ಮಳೆ ಕೈಕೊಟ್ಟಿತು. ಬರದ ಬೆನ್ನಿಗೇ ಪ್ಲೇಗೂ ಬಂತು. 22 ವರ್ಷದ ಅರಸರು ಹಳ್ಳಿ ಹಳ್ಳಿ ಸುತ್ತಿದರು. ಹೊರಗಿನಿಂದ ಧಾನ್ಯ ತರಿಸಿ ಕಡಿಮೆ ಬೆಲೆಗೆ ಮಾರುವ ಅಂಗಡಿಗಳನ್ನು ತೆರೆಸಿದರು. ರೈತರಿಗೆ ತಗಾವಿ ಸಾಲ ಕೊಡಿಸಿದರು, ದನಗಳ ಮೇವಿಗೆ ಕಾಡನ್ನು ಬಿಟ್ಟುಕೊಟ್ಟರು, ಕೂಲಿ ಇಲ್ಲದವರಿಗೆ ರಸ್ತೆ, ಬಾವಿ, ಕೆರೆಗಳ ಕಾಮಗಾರಿ ತೆಗೆದರು. 1899ರಲ್ಲಿ ಮತ್ತೆ ಬರ. ಬರ ಬಂದ ಮೇಲೆ ಬೊಕ್ಕಸ ತೆರೆದರೆ ಜೀವ ಉಳಿದೀತು, ಆದರೆ ಮುಂದಿನ ಬರಕ್ಕೆ ಅದು ಉತ್ತರವಾಗದು. ಇದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತೆಂದು ಅವರ ಮುಂದಿನ ಕೆಲಸಗಳೇ ಹೇಳುತ್ತವೆ. ಏಳು ಒಳ್ಳೆಯ ವರ್ಷಗಳಲ್ಲಿ ಕಣಜ ತುಂಬಿಸಿದ ಜೋಸೆಫರ ಕಥೆ ಆದಿಕಾಂಡದಲ್ಲಿ ಓದಿದ ನಮಗೆ ಇದು ಬೇಗ ತಿಳಿಯುತ್ತದೆ.

1902ರಲ್ಲಿ ಅವರು ಸಂಸ್ಥಾನಕ್ಕೊಂದು ನೀರಾವರಿ ಧೋರಣೆ ಗೊತ್ತುಮಾಡಿ, ಅದಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದರು. ಮೊದಲ ಕೆಲಸ ಲೆಕ್ಕದ್ದು. ಎಲ್ಲೆಲ್ಲಿ ಬಾವಿಗಳಿವೆ, ಯಾವ ಕೆರೆ ಹೂಳು ತುಂಬಿದೆ, ಯಾವುದರ ಏರಿ ಒಡೆದಿದೆ ಎಂದು ನೋಡಿಸಿ, ಹಳೆಯವನ್ನು ದುರಸ್ತಿ ಮಾಡಿಸಿ, ಹೊಸವಕ್ಕೆ ಜಾಗ ಹುಡುಕಿಸಿದರು. ದೊಡ್ಡ ಯೋಜನೆಗೆ ಮುಂಚೆ ಇದ್ದದ್ದನ್ನು ಎಣಿಸಿದ ಈ ರೀತಿ ನಮಗೆ ಬಹಳ ಹಿಡಿಸುತ್ತದೆ. ಇಂದಿನ ಎಷ್ಟೋ ಯೋಜನೆಗಳು ಇದನ್ನೇ ಬಿಡುತ್ತವೆ.

ಆದರೆ ಬಾವಿ, ಕೆರೆಗಳಿಗೆ ಒಂದು ಮಿತಿಯುಂಟು. ಕೊಲ್ಹಾಪುರ ಪಟ್ಟಣಕ್ಕೆ ಅವರಿಗಿಂತ ಮುಂಚೆ, 1880ರ ದಶಕದಲ್ಲಿ, ಕಳಂಬಾ ಕೆರೆಯಿಂದ ನೀರು ಬಂದಿತ್ತು. ಅಂಥ ಕೆರೆ ಅಕ್ಕಪಕ್ಕದ ಗುಡ್ಡಗಳ ಮಳೆಯನ್ನೇ ನಂಬಿರುತ್ತದೆ. ಊರಿಗೆ ಮಳೆ ತಪ್ಪಿದ ವರ್ಷವೇ ಕೆರೆಯೂ ಇಳಿಯುತ್ತದೆ. ಪಶ್ಚಿಮದ ಸಹ್ಯಾದ್ರಿ ಸಾಲಿನಲ್ಲಿ, ದಾಜಿಪುರದ ಕಾಡಿನ ಕಡೆ, ಹಾಗಲ್ಲ. ಶಿರೋಳದಲ್ಲಿ, ಗಡಹಿಂಗ್ಲಜದ ಪೂರ್ವದ ಹಳ್ಳಿಗಳಲ್ಲಿ ರೈತರು ಮೋಡ ನೋಡುತ್ತ ಕೂತಾಗಲೂ ಅಲ್ಲಿ ಮಳೆ ಸುರಿಯುತ್ತಿರುತ್ತದೆ. ತೊಂದರೆ ಏನೆಂದರೆ ನಾಲ್ಕು ತಿಂಗಳಲ್ಲಿ ಅದೆಲ್ಲ ಭೋಗಾವತಿ ಹೊಳೆಯಲ್ಲಿ ಹರಿದುಹೋಗಿ, ಬೇಸಿಗೆಗೆ ಹೊಳೆಯ ಮರಳು ಕಾಣುತ್ತದೆ. ಹಾಗಾದರೆ ನೀರು ಹಿಡಿಯಬೇಕಾದ್ದು ಮಳೆ ಬೀಳುವಲ್ಲಿ, ಬಳಸಬೇಕಾದ್ದು ಕೆಳಗೆ.

ಜಾಗ ಸಿಕ್ಕಿದ್ದು ಫೇಜಿವಡೆ ಹಳ್ಳಿಯ ಹತ್ತಿರ. ಪಕ್ಕದಲ್ಲಿ ಹೊಸ ಊರೊಂದನ್ನು ಕಟ್ಟಿಸಿ, ಮಗಳು ರಾಧಾಬಾಯಿಯ ಹೆಸರಿನಲ್ಲಿ ರಾಧಾನಗರಿ ಎಂದು ಕರೆದರು. ಮಗಳಿಗಿದ್ದದ್ದು ಮುಧೋಳದ ಅಜ್ಜಿಯ ಹೆಸರೇ. ಜಲಾಶಯಕ್ಕೆ ಮಹಾರಾಣಿ ಲಕ್ಷ್ಮೀಬಾಯಿಯವರ ಹೆಸರು. 1909ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಒಂದು ಚಿಕ್ಕ ಸಂಸ್ಥಾನ ತನ್ನ ಸ್ವಂತ ಹಣದಿಂದ ಇಷ್ಟು ದೊಡ್ಡ ಕಲ್ಲಿನ ಕಟ್ಟಡಕ್ಕೆ ಕೈಹಾಕಿದ್ದು ಸಣ್ಣ ಮಾತಲ್ಲ. ಒಂಬತ್ತು ವರ್ಷದಲ್ಲಿ ಗೋಡೆ ಸುಮಾರು 40 ಅಡಿ ಎದ್ದಿತು. ಆಗ ಹಣ ಸಾಲದೆ 1918ರಲ್ಲಿ ಕೆಲಸ ನಿಂತಿತು. ನಿಂತಷ್ಟರಲ್ಲೇ ಒಂದಿಷ್ಟು ನೀರು ನಿಲ್ಲುತ್ತಿತ್ತು, ಕೆಳಗಿನ ಹೊಲಗಳಿಗೆ ಬರುತ್ತಿತ್ತು. ನಾಲ್ಕು ವರ್ಷ ಬಿಟ್ಟು ಅರಸರೂ ಹೋದರು. ಅವರು ಕಣ್ಣಾರೆ ಕಂಡದ್ದು ಅರ್ಧ ಗೋಡೆಯನ್ನು ಮಾತ್ರ.

ಅಷ್ಟರಲ್ಲಿ ಇನ್ನೊಂದು ಕೆಲಸವನ್ನು ಅವರು ಮುಗಿಸಿದ್ದರು, ಅದೂ ನೀರಿನದೇ. ಅರಮನೆಯ ಕುದುರೆ ಲಾಯದಲ್ಲಿ ಗಂಗಾರಾಮ ಕಾಂಬಳೆ ಎಂಬ ದಲಿತ ಸೇವಕನಿದ್ದ. ಮೇಲ್ಜಾತಿಯವರ ನೀರಿನ ಹೌದನ್ನು ಮುಟ್ಟಿದನೆಂದು ಜತೆಯ ಕೆಲಸಗಾರರು ಅವನನ್ನು ಹೊಡೆದರು. ಊರಿಗೆ ಮರಳಿದ ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಗಂಗಾರಾಮನಿಗೆ ಪೇಟೆಯಲ್ಲಿ ಚಹಾ ಅಂಗಡಿ ಹಾಕಿಕೊಳ್ಳಲು ನೆರವಾಗಿ, ತಾವೇ ಅಲ್ಲಿಗೆ ಹೋಗಿ ಎಲ್ಲರೆದುರು ಚಹಾ ಕುಡಿದರು. 1919ರಲ್ಲಿ ಸಾರ್ವಜನಿಕ ಬಾವಿ, ಧರ್ಮಶಾಲೆಗಳಲ್ಲಿ ಅಸ್ಪೃಶ್ಯರನ್ನು ತಡೆಯಬಾರದೆಂದು ಹುಕುಂ ಹೊರಡಿಸಿದರು. ಬರದ ವರ್ಷದಲ್ಲಿ ಊರ ಬಾವಿಗೆ ಯಾರು ಇಳಿಯಬಹುದು ಎಂಬುದೂ ನೀರಿನ ಯೋಜನೆಯ ಭಾಗವೇ ಎಂದು ನಮಗನ್ನಿಸುತ್ತದೆ. ಬೇರೆ ಬೇರೆ ಸಮುದಾಯಗಳ ಮಕ್ಕಳಿಗೆ ಅವರ ಆಶ್ರಯದಲ್ಲಿ ಎದ್ದ ವಿದ್ಯಾರ್ಥಿನಿಲಯಗಳಲ್ಲಿ ಕ್ರೈಸ್ತ ಮಕ್ಕಳದೂ ಒಂದಿತ್ತು.

ನಿಂತ ಗೋಡೆಯನ್ನು ಮುಂದಿನವರು ಮತ್ತೆ ಎತ್ತಿದರು. ಅದು ಪೂರ್ಣವಾದದ್ದು 1957ರಲ್ಲಿ, ಅವರು ತೀರಿ 35 ವರ್ಷದ ಮೇಲೆ. ಇಂದು ಅದರಲ್ಲಿ 8.36 ಟಿಎಂಸಿ ನೀರು ನಿಲ್ಲುತ್ತದೆ. ಕೆರೆ ತುಂಬಿದಾಗ ತಾವಾಗಿಯೇ ತೆರೆದುಕೊಳ್ಳುವ ಏಳು ಬಾಗಿಲುಗಳ ಸುದ್ದಿ ಕೇಳಿದರೆ ಮಳೆಗಾಲದಲ್ಲಿ ಶಿರೋಳದವರ, ಕೆಳಗೆ ಚಿಕ್ಕೋಡಿಯ ಹೊಳೆಸಾಲಿನವರ ಎದೆ ಹೊಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ನೀರು ಭೋಗಾವತಿಯಿಂದ ಪಂಚಗಂಗೆಗೆ ಇಳಿದು, ಬಾಂದಾರಗಳ ಹಿಂದೆ ನಿಂತು, ಪಂಪುಗಳ ಮೂಲಕ ಪಟ್ಟಣಕ್ಕೆ ಬರುತ್ತದೆ. ಗಡಹಿಂಗ್ಲಜಕ್ಕೆ ಮಾತ್ರ ಈ ನೀರು ಮುಟ್ಟದು. ಅವರಿಗೆ ಹಿರಣ್ಯಕೇಶಿ ಮತ್ತು ಆಜರಾ ಕಡೆಯ ಚಿತ್ರಿ ಅಣೆಕಟ್ಟೇ ಆಸರೆ.

ನೀರು ಕೂಡಿಟ್ಟಷ್ಟಕ್ಕೆ ಕಷ್ಟ ತೀರಲಿಲ್ಲ. ಪಂಚಗಂಗೆ ಊರುಗಳ ಕೊಳೆ ಹೊತ್ತು ಹರಿಯುತ್ತಿದೆ. 2012ರಲ್ಲಿ ಇಚಲಕರಂಜಿಯಲ್ಲಿ ಕೆಟ್ಟ ನೀರಿನಿಂದ ಕಾಮಾಲೆ ಹಬ್ಬಿ ಜನ ಸತ್ತರು. ಕೊಲ್ಹಾಪುರಕ್ಕೆ ಬಹಳ ವರ್ಷ ಕಾದ ಮೇಲೆ, 2023ರ ಕೊನೆಗೆ, ಕಾಳಮ್ಮವಾಡಿಯ ನೀರು ನೇರ ಪೈಪಿನಲ್ಲಿ ಬಂತು. ಇಚಲಕರಂಜಿಯ ನೇಕಾರರ ಮನೆಗಳಿಗೆ ಈಗಲೂ ಕೆಲವು ದಿನಕ್ಕೊಮ್ಮೆ ನಳ. ಸುಳಕೂಡದಿಂದ ದೂಧಗಂಗೆಯ ನೀರು ತರಬೇಕೆಂದು ಅವರು ಕೇಳಿದರೆ, ತಮ್ಮ ಹೊಲ ಒಣಗೀತೆಂದು ಹೊಳೆದಂಡೆಯ ರೈತರು ತಡೆಯುತ್ತಾರೆ. ಹಾಗೆ ತಡೆಯುವವರಲ್ಲಿ ಮಹಾರಾಜರು ಹುಟ್ಟಿದ ಕಾಗಲ ತಾಲೂಕಿನವರೂ ಇದ್ದಾರೆ. ಎರಡೂ ಕಡೆಯವರ ಹೆದರಿಕೆ ನಿಜವಾದದ್ದೇ.

ಮಹಾರಾಜರ ನಂತರ, ಅವರ ಮಗ ರಾಜಾರಾಮ ಮಹಾರಾಜರ ಹೆಸರಿನ ಬಾಂದಾರ ಪಂಚಗಂಗೆಗೆ ಬಂತು. ಕಂಬಗಳ ನಡುವೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುವ ಈ ಬಗೆಗೆ ಕೊಲ್ಹಾಪುರ ಮಾದರಿ ಎಂದೇ ಹೆಸರಾಗಿ, ಕರ್ನಾಟಕದ ಹೊಳೆಗಳಿಗೂ ಹೋಯಿತು. ಮಳೆಗೆ ಮುಂಚೆ ಹಲಗೆ ತೆಗೆಯಬೇಕು, ಮಳೆ ಮುಗಿದ ಮೇಲೆ ಮತ್ತೆ ಹಾಕಬೇಕು. ಈ ವರ್ಷದ ತೆಗೆಯುವ ಕೆಲಸಕ್ಕೆ ಇನ್ನು ಕೆಲವೇ ದಿನಗಳಿವೆ.