ಗಡಿಯೂರಿನ ಪಂಡಿತ ಸಂತ ಜೆರೋಮ್

ಎರಡು ಸೀಮೆಗಳ ನಡುವೆ ಹುಟ್ಟಿ ಬೆಳೆದವರಿಗೆ ಒಂದೇ ನುಡಿಯಿಂದ ಬಾಳುವೆ ಸಾಗದೆಂಬುದನ್ನು ಕಾಸರಗೋಡಿನವರಾದ ನಮಗೆ ಬೇರೆಯವರು ತಿಳಿಸಬೇಕಾಗಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ. ಹೀಗೆ ದಿನಕ್ಕೆ ಹತ್ತು ಬಾರಿ ನಾವು ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸುತ್ತಲೇ ಇರುತ್ತೇವೆ. ಆದುದರಿಂದ ಭಾಷಾಂತರಕಾರರ ಪೋಷಕ ಸಂತರೆಂದು ಪ್ರಸಿದ್ಧರಾದ ಜೆರೋಮರ ಚರಿತ್ರೆಯು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅಸಂಗತವಾಗದೆಂದು ಭಾವಿಸುತ್ತೇನೆ. ಅವರ ಪುಣ್ಯದಿನವಾದ ಸೆಪ್ಟೆಂಬರ್ 30ನ್ನು ವಿಶ್ವಸಂಸ್ಥೆಯು 2017ರಲ್ಲಿ ಅಂತಾರಾಷ್ಟ್ರೀಯ ಭಾಷಾಂತರ ದಿನವೆಂದು ಅಂಗೀಕರಿಸಿತು.

ಈ ಲೇಖನಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ನಾಡಿನ ಕ್ರೈಸ್ತ ಕುಟುಂಬಗಳಲ್ಲಿ ಎರಡು ಬಗೆಯ ಕನ್ನಡ ಬೈಬಲ್ಲುಗಳು ಬಳಕೆಯಲ್ಲಿವೆ. ಪ್ರೊಟೆಸ್ಟಂಟರ ಹಳೆಯ ಸತ್ಯವೇದದಲ್ಲಿ 66 ಪುಸ್ತಕಗಳು; ದೇವರ ಹೆಸರು ಅದರಲ್ಲಿ ಯೆಹೋವ. ಕಥೋಲಿಕರ ಬೈಬಲ್ಲಿನಲ್ಲಿ 73 ಪುಸ್ತಕಗಳು. ಅಲ್ಲಿ ಅದೇ ಹೆಸರಿನ ಸ್ಥಾನದಲ್ಲಿ ಸರ್ವೇಶ್ವರ ಎಂದಿದೆ. ಒಂದೇ ಧರ್ಮದ ಒಂದೇ ಗ್ರಂಥದಲ್ಲಿ ಈ ಭೇದ ಏಕೆಂದು ಕೇಳುವವರಿಗೆ ಉತ್ತರ ಹುಡುಕಹೊರಟರೆ ನಾವು 1,600 ವರ್ಷಗಳ ಹಿಂದಕ್ಕೆ, ಬೆತ್ಲೆಹೇಮಿನ ಮಠವೊಂದರಲ್ಲಿ ಹಾಳೆಗಳ ನಡುವೆ ಕುಳಿತಿದ್ದ ಈ ವೃದ್ಧ ಪಂಡಿತರ ಬಳಿಗೆ ಹೋಗಬೇಕಾಗುತ್ತದೆ.

ಜೆರೋಮರು ಜನಿಸಿದ್ದು ಸುಮಾರು 347ರಲ್ಲಿ, ಸ್ಟ್ರಿಡಾನ್ ಎಂಬ ಊರಿನಲ್ಲಿ. ರೋಮನ್ ಸಾಮ್ರಾಜ್ಯದ ಡಾಲ್ಮೇಷಿಯ ಮತ್ತು ಪನೋನಿಯ ಪ್ರಾಂತಗಳ ಗಡಿಯಲ್ಲಿದ್ದ ಆ ಊರು ಅವರ ಜೀವಿತಕಾಲದಲ್ಲಿಯೇ ಗಾಥ್ ಜನರ ದಾಳಿಗೆ ಸಿಕ್ಕಿ ನಾಶವಾಯಿತು. ತಂದೆ ಯೂಸೇಬಿಯಸ್ ಅನುಕೂಲಸ್ಥರು. ಮಗನ ಲ್ಯಾಟಿನ್ ಹೆಸರು ಹಿಯೆರೊನಿಮಸ್. ಗ್ರೀಕ್ ಮೂಲದ ಆ ಪದಕ್ಕೆ ಪವಿತ್ರ ನಾಮವೆಂದು ಅರ್ಥ. ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಬಾಲಕನು ರೋಮ್ ನಗರಕ್ಕೆ ಹೋಗಿ, ಡೊನಾಟಸ್ ಎಂಬ ಸುವಿಖ್ಯಾತ ವೈಯಾಕರಣರ ಶಿಷ್ಯನಾದನು. ವರ್ಜಿಲನ ಕಾವ್ಯವೂ ಸಿಸೆರೋನ ಗದ್ಯವೂ ಆ ವಿದ್ಯಾರ್ಥಿಗೆ ಕಂಠಗತವಾದವು. ದೀಕ್ಷಾಸ್ನಾನವನ್ನೂ ಆತನು ರೋಮಿನಲ್ಲಿಯೇ ಪಡೆದನು.

ಯೌವನದಲ್ಲಿ ವಿರಕ್ತಜೀವನದತ್ತ ಮನಸ್ಸು ಹೊರಳಿತು. ಸುಮಾರು 373ರಲ್ಲಿ ಅವರು ಪೂರ್ವದಿಕ್ಕಿಗೆ ಹೊರಟು ಅಂತಿಯೋಕ್ಯವನ್ನು ಸೇರಿದರು. ಪ್ರೀತಿಯ ಗ್ರಂಥಭಂಡಾರವನ್ನು ಮಾತ್ರ ಬಿಟ್ಟಿರಲಾರದೆ ಸಂಗಡವೇ ಒಯ್ದರು. ಜ್ವರದಿಂದ ಮಲಗಿದ್ದಾಗ ಬಿದ್ದ ಕನಸೊಂದನ್ನು ಅವರೇ ಮುಂದೆ ಪತ್ರವೊಂದರಲ್ಲಿ ವರ್ಣಿಸಿದ್ದಾರೆ. ನ್ಯಾಯಾಧಿಪತಿಯ ಮುಂದೆ ನಿಂತ ತಾವು ಕ್ರೈಸ್ತನೆಂದು ಹೇಳಿಕೊಂಡಾಗ, ನೀನು ಕ್ರಿಸ್ತನವನಲ್ಲ, ಸಿಸೆರೋನವನೆಂಬ ಆರೋಪ ಕೇಳಿಬಂದಿತಂತೆ. ಬಳಿಕ ಸಿರಿಯದ ಖಾಲ್ಕಿಸ್ ಮರುಭೂಮಿಯಲ್ಲಿ ತಪಸ್ಸಿಗೆ ತೊಡಗಿದರು. ಅಲ್ಲಿಯೂ ಚಿತ್ತವು ಹತೋಟಿಗೆ ಬಾರದಿರಲು, ಕ್ರೈಸ್ತನಾಗಿದ್ದ ಯೆಹೂದ್ಯನೊಬ್ಬನ ಬಳಿ ಹೀಬ್ರೂ ಅಕ್ಷರಾಭ್ಯಾಸಕ್ಕೆ ಕುಳಿತರು. ಸಿಸೆರೋನ ಮಧುರ ಗದ್ಯವನ್ನು ಸವಿದ ನಾಲಿಗೆಗೆ ಗಂಟಲಿನಿಂದ ಹೊರಡುವ ಆ ಕರ್ಕಶ ಧ್ವನಿಗಳು ದೊಡ್ಡ ಶಿಕ್ಷೆಯೇ ಆಗಿದ್ದವು. ಎಷ್ಟೋ ಬಾರಿ ಕೈಬಿಟ್ಟರು, ಮತ್ತೆ ಕೈಗೆತ್ತಿಕೊಂಡರು. ಮನೋನಿಗ್ರಹಕ್ಕೆಂದು ಆರಂಭಿಸಿದ ಈ ಕಹಿ ಅಭ್ಯಾಸವೇ ಮುಂದೆ ಅವರ ಜೀವನಕಾರ್ಯಕ್ಕೆ ಬುನಾದಿಯಾಯಿತು.

382ರಲ್ಲಿ ರೋಮಿಗೆ ಮರಳಿದ ಅವರನ್ನು ಪೋಪ್ ದಮಾಸಸರು ಆಪ್ತ ಸಹಾಯಕರನ್ನಾಗಿ ಮಾಡಿಕೊಂಡು, ಲ್ಯಾಟಿನ್ ಸುವಾರ್ತೆಗಳನ್ನು ಪರಿಷ್ಕರಿಸುವ ಹೊಣೆಯನ್ನು ಒಪ್ಪಿಸಿದರು. ಆಗ ಎಲ್ಲವೂ ಕೈಬರಹದ ಪ್ರತಿಗಳು. ಒಂದು ಪ್ರತಿಯಂತೆ ಇನ್ನೊಂದು ಇರಲಿಲ್ಲ. ನಿದ್ದೆಗಣ್ಣಿನ ಲಿಪಿಕಾರರ ತಪ್ಪುಗಳೊಡನೆ ಅರೆತಿಳಿವಳಿಕೆಯವರ ತಿದ್ದುಪಡಿಗಳೂ ಸೇರಿಕೊಂಡಿದ್ದವು. ಗ್ರೀಕ್ ಮೂಲದೊಡನೆ ಹೋಲಿಸಿ ತಿದ್ದಿದ ಸುವಾರ್ತೆಗಳನ್ನು ಜೆರೋಮರು 384ರ ಹೊತ್ತಿಗೆ ಒಪ್ಪಿಸಿದರು. ಬಾಲ್ಯದಿಂದ ಕೇಳಿಬಂದ ಮಾತು ಒಂದಿಷ್ಟು ಬದಲಾದರೂ ಜನರು ತಮ್ಮನ್ನು ಗ್ರಂಥದ್ರೋಹಿಯೆಂದು ಕರೆಯುವರೆಂಬುದನ್ನು ಅವರು ಮುನ್ನುಡಿಯಲ್ಲಿಯೇ ಊಹಿಸಿದ್ದರು. ಆ ಊಹೆಯು ಸುಳ್ಳಾಗಲಿಲ್ಲ. ಅದೇ ವರ್ಷ ದಮಾಸಸರು ತೀರಿಕೊಂಡರು. ರೋಮಿನ ಪಾದ್ರಿಗಳ ಭೋಗಜೀವನವನ್ನು ಜೆರೋಮರು ಹರಿತವಾದ ಮಾತುಗಳಲ್ಲಿ ಖಂಡಿಸಿದ್ದರಿಂದ ಶತ್ರುಗಳಿಗೂ ಕೊರತೆಯಿರಲಿಲ್ಲ. 385ರಲ್ಲಿ ಅವರು ರೋಮನ್ನು ಶಾಶ್ವತವಾಗಿ ತೊರೆದರು.

ಪೌಲಾ ಎಂಬ ಕುಲೀನ ವಿಧವೆಯೂ ಆಕೆಯ ಮಗಳು ಯುಸ್ಟೋಕಿಯಮಳೂ ಪೂರ್ವದೇಶಕ್ಕೆ ಬಂದು ಅವರನ್ನು ಕೂಡಿಕೊಂಡರು. 386ರಲ್ಲಿ ಎಲ್ಲರೂ ಬೆತ್ಲೆಹೇಮಿನಲ್ಲಿ ನೆಲೆಸಿದರು. ಪೌಲಾ ತನ್ನ ಸಂಪತ್ತನ್ನು ವ್ಯಯಿಸಿ ಪುರುಷರಿಗೊಂದು ಮಠವನ್ನೂ ಸ್ತ್ರೀಯರಿಗೆ ಮಠಗಳನ್ನೂ ಯಾತ್ರಿಕರಿಗೆ ಛತ್ರವನ್ನೂ ಕಟ್ಟಿಸಿದಳು. ತಾಯಿಮಗಳಿಬ್ಬರೂ ಹೀಬ್ರೂ ಕಲಿತು ಕೀರ್ತನೆಗಳನ್ನು ಮೂಲಭಾಷೆಯಲ್ಲಿಯೇ ಹಾಡುತ್ತಿದ್ದರು. ಅವರ ಪ್ರಶ್ನೆಗಳೂ ಒತ್ತಾಯವೂ ಇಲ್ಲದಿದ್ದರೆ ಜೆರೋಮರ ಎಷ್ಟೋ ಗ್ರಂಥಗಳು ಹುಟ್ಟುತ್ತಿರಲಿಲ್ಲ. ಜೆರೋಮರು ಅಲ್ಲಿ ಚಿಕ್ಕ ಬಾಲಕರಿಗೆ ವರ್ಜಿಲನ ಕಾವ್ಯವನ್ನು ಪಾಠ ಹೇಳುತ್ತಿದ್ದರೆಂಬುದು ಅವರ ವಿರೋಧಿಗಳು ಹೊರಿಸಿದ ಒಂದು ಆರೋಪ. ಅಧ್ಯಾಪಕ ವೃತ್ತಿಯಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಇದು ದೋಷವಾಗಿ ಕಾಣುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಒಡಂಬಡಿಕೆಯ ಮೂಲವು ಬಹುಪಾಲು ಹೀಬ್ರೂ ಭಾಷೆಯಲ್ಲಿದೆ. ಕ್ರಿ.ಪೂ. 3ನೆಯ ಶತಮಾನದಿಂದ ಅಲೆಕ್ಸಾಂಡ್ರಿಯದ ಯೆಹೂದ್ಯರಿಗಾಗಿ ಅದು ಗ್ರೀಕಿಗೆ ಅನುವಾದವಾಗತೊಡಗಿತು. 72 ಪಂಡಿತರು ಸೇರಿ ಮಾಡಿದರೆಂಬ ಕಥೆಯಿಂದ ಅದಕ್ಕೆ ಸಪ್ತತಿ, ಎಂದರೆ ಸೆಪ್ಟುವಜಿಂಟ್ ಎಂಬ ಹೆಸರು ಬಂದಿತು. ಪಂಡಿತರು ಪ್ರತ್ಯೇಕ ಕೋಣೆಗಳಲ್ಲಿ ಕುಳಿತು ಬರೆದರೂ ಎಲ್ಲರ ಅನುವಾದವೂ ಅಕ್ಷರಶಃ ಒಂದೇ ಆಗಿತ್ತೆಂದು ಭಕ್ತರು ನಂಬಿದ್ದರು. ಕ್ರೈಸ್ತಸಭೆಯು ಈ ಗ್ರೀಕ್ ಪಾಠವನ್ನೇ ದೈವಪ್ರೇರಿತವೆಂದು ಗೌರವಿಸುತ್ತಿತ್ತು. ಹಳೆಯ ಲ್ಯಾಟಿನ್ ಅನುವಾದಗಳೆಲ್ಲ ಅದರಿಂದಲೇ ಆದವು. ಜೆರೋಮರು ಕೋಣೆಗಳ ಕಥೆಯನ್ನು ಒಪ್ಪಲಿಲ್ಲ. ಪ್ರವಾದಿಯ ಕೆಲಸ ಬೇರೆ, ಭಾಷಾಂತರಕಾರನ ಕೆಲಸ ಬೇರೆ. ಭಾಷಾಂತರಕಾರನಿಗೆ ಬೇಕಾದುದು ಪಾಂಡಿತ್ಯ ಮತ್ತು ಪದಸಂಪತ್ತು ಎಂಬುದು ಅವರ ವಾದ. ನದಿಯ ನೀರು ಕಲಕಿದ್ದರೆ ಉಗಮಸ್ಥಾನಕ್ಕೇ ಹೋಗಬೇಕೆಂದು ನಿಶ್ಚಯಿಸಿ, ಸುಮಾರು 390ರಿಂದ 15 ವರ್ಷಗಳ ಕಾಲ ಹೀಬ್ರೂ ಮೂಲದಿಂದಲೇ ಲ್ಯಾಟಿನ್ನಿಗೆ ತಂದರು. ಬರಾನಿನಾಸ್ ಎಂಬ ಯೆಹೂದ್ಯ ಗುರುವು ಸ್ವಜನರ ಭಯದಿಂದ ರಾತ್ರಿಯ ವೇಳೆ ಬಂದು ಅವರಿಗೆ ಪಾಠ ಹೇಳಿಹೋಗುತ್ತಿದ್ದನು.

ಹೀಬ್ರೂ ಮೂಲಕ್ಕೆ ಹೋದೊಡನೆ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು. ತೋಬಿತ, ಯೂದಿತ, ಸಿರಾಖ, ಸೊಲೊಮೋನನ ಜ್ಞಾನಗ್ರಂಥ, ಮಕ್ಕಬಿಯರು ಮೊದಲಾದ ಪುಸ್ತಕಗಳು ಗ್ರೀಕ್ ಸಂಪುಟದಲ್ಲಿದ್ದವು. ಯೆಹೂದ್ಯರ ಹೀಬ್ರೂ ಸಂಪುಟದಲ್ಲಿ ಇರಲಿಲ್ಲ. ಸಮುವೇಲ ಮತ್ತು ಅರಸುಗಳ ಗ್ರಂಥಗಳಿಗೆ ಬರೆದ ಮುನ್ನುಡಿಯಲ್ಲಿ ಜೆರೋಮರು, ಹೀಬ್ರೂ ಅಕ್ಷರಗಳು 22 ಇರುವಂತೆ ಪುಸ್ತಕಗಳೂ 22 ಎಂದು ಲೆಕ್ಕವಿಟ್ಟು, ಉಳಿದವನ್ನು ಅಪೋಕ್ರಿಫಗಳ ಸಾಲಿಗೆ ಸೇರಿಸಿದರು. ಹಲವು ಪುಸ್ತಕಗಳನ್ನು ಒಂದಾಗಿ ಎಣಿಸುವ ಕ್ರಮವಿದ್ದುದರಿಂದ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಪ್ರೊಟೆಸ್ಟಂಟರ ಹಳೆಯ ಒಡಂಬಡಿಕೆಯ 39 ಪುಸ್ತಕಗಳು ಇವೇ. ಹೆಚ್ಚಿನ ಪುಸ್ತಕಗಳನ್ನು ಜನರ ಸದ್ಭಾವನೆಗಾಗಿ ಓದಬಹುದು, ಆದರೆ ಮತಸಿದ್ಧಾಂತವನ್ನು ಸ್ಥಾಪಿಸಲು ಆಧಾರವಾಗಿ ಬಳಸಬಾರದೆಂಬುದು ಅವರ ನಿಲುವು. ಹಾಗೆಂದು ಅವನ್ನು ಓದುಗರ ಕೈಯಿಂದ ಕಸಿದುಕೊಳ್ಳಲಿಲ್ಲ. ಬಿಷಪರಿಬ್ಬರು ಕೇಳಿಕೊಂಡಾಗ, ಕಲ್ದೀಯ ಮತ್ತು ಹೀಬ್ರೂ ಎರಡನ್ನೂ ಬಲ್ಲವನೊಬ್ಬನನ್ನು ಕೂರಿಸಿಕೊಂಡು, ಅವನು ಹೀಬ್ರೂವಿನಲ್ಲಿ ಹೇಳಿದುದನ್ನು ತಾವು ಲ್ಯಾಟಿನ್ನಿನಲ್ಲಿ ಹೇಳಿ ಬರೆಯಿಸಿ, ತೋಬಿತನ ಪುಸ್ತಕವನ್ನು ಒಂದೇ ದಿನದಲ್ಲಿ ಮುಗಿಸಿದರು. ದಾನಿಯೇಲನ ಗ್ರಂಥದಲ್ಲಿ ಗ್ರೀಕಿನಲ್ಲಿ ಮಾತ್ರ ಇದ್ದ ಭಾಗಗಳನ್ನು ತೆಗೆದುಹಾಕದೆ, ಗುರುತು ಹಾಕಿ ಉಳಿಸಿದರು. ಸಂಶಯವನ್ನು ಮುಚ್ಚಿಡದೆ ಹೇಳುವುದು, ಆದರೆ ಜನರು ಪ್ರೀತಿಯಿಂದ ಓದುವ ಗ್ರಂಥವನ್ನು ಅಳಿಸದಿರುವುದು: ಇದು ಅವರ ಕ್ರಮ.

ದೇವರ ನಾಮದ ವಿಷಯದಲ್ಲಿಯೂ ಇದೇ ಎಚ್ಚರವನ್ನು ಕಾಣಬಹುದು. ಹೀಬ್ರೂ ಬರವಣಿಗೆಯಲ್ಲಿ ವ್ಯಂಜನಗಳಷ್ಟೇ ಮುಖ್ಯ. ಕನ್ನಡವನ್ನು ಗುಡಿಸು, ಕೊಂಬು, ಇಳಿಗಳಿಲ್ಲದೆ ಬರೆದಂತೆ. ದೇವರ ನಾಮಕ್ಕೆ ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳು. ಯೆಹೂದ್ಯರು ಭಯಭಕ್ತಿಯಿಂದ ಆ ನಾಮವನ್ನು ಉಚ್ಚರಿಸದೆ, ಅದು ಬಂದಲ್ಲೆಲ್ಲ ಅದೋನಾಯ್, ಎಂದರೆ ಒಡೆಯ ಎಂದು ಓದುತ್ತಿದ್ದರು. ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳದ ಮರ್ಯಾದೆಯು ನಮ್ಮಲ್ಲಿಯೂ ಇದ್ದುದರಿಂದ ಈ ಭಾವವನ್ನು ಗ್ರಹಿಸುವುದು ಕಷ್ಟವಲ್ಲ. ಕೆಲವು ಗ್ರೀಕ್ ಸುರುಳಿಗಳಲ್ಲಿ ಆ ನಾಲ್ಕು ಅಕ್ಷರಗಳನ್ನು ಪ್ರಾಚೀನ ಹೀಬ್ರೂ ಲಿಪಿಯಲ್ಲಿಯೇ ಬರೆದಿಟ್ಟಿರುವುದನ್ನು ಜೆರೋಮರು ದಾಖಲಿಸಿದ್ದಾರೆ. ಹೀಬ್ರೂ ಅರಿಯದವರು ಅವನ್ನು ಗ್ರೀಕ್ ಅಕ್ಷರಗಳೆಂದೇ ಭ್ರಮಿಸಿ ಪಿಪಿ ಎಂದು ಓದುತ್ತಿದ್ದರೆಂದು ಮಾರ್ಸೆಲಾ ಎಂಬ ಶಿಷ್ಯೆಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಮೃತ ಸಮುದ್ರದ ಸಮೀಪದ ಗುಹೆಗಳಲ್ಲಿ 1947ರಿಂದ ಮುಂದಕ್ಕೆ ದೊರೆತ ಸುರುಳಿಗಳ ಪೈಕಿ, ದೇವನಾಮವನ್ನು ಪ್ರಾಚೀನ ಲಿಪಿಯಲ್ಲಿ ಬರೆದ ಗ್ರೀಕ್ ಸುರುಳಿಯೊಂದೂ ಸಿಕ್ಕಿ, ಅವರ ಸಾಕ್ಷ್ಯವು ಸತ್ಯವೆಂದು ತೋರಿತು. ತಮ್ಮ ಅನುವಾದದಲ್ಲಿ ಜೆರೋಮರು ಆ ನಾಮದ ಸ್ಥಾನದಲ್ಲಿ ಡೊಮಿನುಸ್, ಅಂದರೆ ಪ್ರಭು ಎಂದು ಬರೆದರು. ವಿಮೋಚನಕಾಂಡದ 6ನೆಯ ಅಧ್ಯಾಯದಲ್ಲಿ, ದೇವರು ತನ್ನ ನಾಮವನ್ನೇ ಕುರಿತು ನುಡಿಯುವಲ್ಲಿ, ಅದೋನಾಯ್ ಎಂದು ಇಟ್ಟರು. ಬಹುಕಾಲದ ಮೇಲೆ ಯೆಹೂದ್ಯ ವಿದ್ವಾಂಸರು ಆ ನಾಲ್ಕು ಅಕ್ಷರಗಳಿಗೆ ಅದೋನಾಯ್ ಪದದ ಸ್ವರಚಿಹ್ನೆಗಳನ್ನು ಹಚ್ಚಿದರು. ಎರಡನ್ನೂ ಕೂಡಿಸಿ ಓದಿದ ಪಾಶ್ಚಾತ್ಯ ಪಂಡಿತರಿಂದ ಯೆಹೋವ ಎಂಬ ರೂಪವು ಪ್ರಚಾರಕ್ಕೆ ಬಂದಿತು.

ಇಷ್ಟು ಶ್ರಮಕ್ಕೆ ದೊರೆತ ಮೊದಲ ಪ್ರತಿಫಲವೆಂದರೆ ಬೈಗುಳ. ಉತ್ತರ ಆಫ್ರಿಕದ ಓಯ ಎಂಬ ಪಟ್ಟಣದಲ್ಲಿ, ಎಂದರೆ ಇಂದಿನ ಟ್ರಿಪೊಲಿಯಲ್ಲಿ, ಯೋನನ ಗ್ರಂಥವನ್ನು ಜೆರೋಮರ ಅನುವಾದದಲ್ಲಿ ಓದಿದಾಗ ಸಭೆಯಲ್ಲಿ ಗದ್ದಲವೆದ್ದಿತು. ಪ್ರವಾದಿಗೆ ನೆರಳು ಕೊಟ್ಟ ಗಿಡವನ್ನು ಸೋರೆಯೆಂದು ಕೇಳಿ ಬೆಳೆದವರಿಗೆ, ಐವಿ ಬಳ್ಳಿಯೆಂಬ ಹೊಸ ಪದವು ಸಹ್ಯವಾಗಲಿಲ್ಲ. ಜನರೆಲ್ಲ ತೊರೆದುಹೋಗುವರೆಂಬ ಭಯದಿಂದ ಬಿಷಪರು ಹಳೆಯ ಪದಕ್ಕೆ ಮರಳಬೇಕಾಯಿತು. ಈ ಸಂಗತಿಯನ್ನು 403ರಲ್ಲಿ ಪತ್ರದ ಮೂಲಕ ತಿಳಿಸಿದವರು ಮಹಾಪಂಡಿತರಾದ ಹಿಪ್ಪೋದ ಬಿಷಪ್ ಆಗಸ್ಟೀನರು. ಗ್ರೀಕ್ ಸಭೆಗಳಲ್ಲಿ ಒಂದು ಪಾಠ, ಲ್ಯಾಟಿನ್ ಸಭೆಗಳಲ್ಲಿ ಇನ್ನೊಂದಾದರೆ ಐಕ್ಯವು ಮುರಿಯುವುದೆಂಬುದು ಅವರ ಚಿಂತೆ. ಅಪೋಕ್ರಿಫವೆಂದು ಜೆರೋಮರು ಬೇರ್ಪಡಿಸಿದ ಪುಸ್ತಕಗಳೂ ಆಫ್ರಿಕದ ಸಭೆಗಳ ಪಟ್ಟಿಯಲ್ಲಿ ಮಾನ್ಯವಾಗಿದ್ದವು. ಮೂಲದಲ್ಲಿರುವ ಗಿಡವು ಅಗಲವಾದ ಎಲೆಗಳದು, ಬೇರೆ ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ಬೇಗ ಬೆಳೆಯುವುದು, ಅದಕ್ಕೆ ಲ್ಯಾಟಿನ್ನಿನಲ್ಲಿ ಹೆಸರೇ ಇಲ್ಲವೆಂದು ಜೆರೋಮರು ಉತ್ತರಿಸಿದರು. ಅದು ನಮ್ಮ ಹಿತ್ತಿಲಿನ ಹರಳುಗಿಡವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಒಬ್ಬರಿಗೆ ಮೂಲದ ಸತ್ಯ ದೊಡ್ಡದು, ಇನ್ನೊಬ್ಬರಿಗೆ ಸಭೆಯ ಶಾಂತಿ ದೊಡ್ಡದು, ಇಬ್ಬರೂ ಸಂತರೇ. ಮುನಿಸು ಬಂದರೂ ಸ್ನೇಹವು ಕೊನೆಗೆ ಉಳಿಯಿತು.

ಜೆರೋಮರು ನಿರ್ದೋಷಿಗಳೆಂದು ಹೇಳಲಾಗದು. ನಾಲಿಗೆ ಹರಿತ, ಕೋಪ ಮೂಗಿನ ತುದಿಯಲ್ಲಿ. ಬಾಲ್ಯಸ್ನೇಹಿತ ರುಫಿನಸರೊಡನೆ ಜಗಳಾಡಿ, ಆತನು ಸತ್ತ ಮೇಲೆಯೂ ನಿಂದಿಸುವುದನ್ನು ಬಿಡಲಿಲ್ಲ. ಹೀಬ್ರೂವಿನಲ್ಲಿ ಕಿರಣಕ್ಕೂ ಕೊಂಬಿಗೂ ಸಂಬಂಧಪಟ್ಟ ಪದವೊಂದನ್ನು ಅವರು ಕೊಂಬೆಂಬ ಅರ್ಥದಲ್ಲಿ ತಂದುದರಿಂದ, ಮೈಕೆಲೆಂಜೆಲೋ ಕೆತ್ತಿದ ಮೋಶೆಯ ಪ್ರತಿಮೆಯ ತಲೆಯಲ್ಲಿ ಇಂದಿಗೂ ಎರಡು ಕೊಂಬುಗಳಿವೆ. ಆದರೆ 410ರಲ್ಲಿ ರೋಮ್ ನಗರವು ಸೂರೆಯಾಗಿ ನಿರಾಶ್ರಿತರು ಬೆತ್ಲೆಹೇಮಿಗೆ ಬಂದಾಗ, ಬರೆಯುತ್ತಿದ್ದ ಭಾಷ್ಯವನ್ನು ಬದಿಗಿಟ್ಟು ಅವರ ಸೇವೆಗೆ ನಿಂತವರೂ ಇವರೇ. 404ರಲ್ಲಿ ಪೌಲಾ ತೀರಿಕೊಂಡಿದ್ದಳು; 416ರಲ್ಲಿ ದುಷ್ಕರ್ಮಿಗಳು ಮಠಗಳಿಗೆ ಬೆಂಕಿಯಿಟ್ಟರು. ಕಣ್ಣು ಮಂಜಾದರೂ ಹೇಳಿ ಬರೆಯಿಸುವ ಕೆಲಸ ನಿಲ್ಲಲಿಲ್ಲ. 420ರಲ್ಲಿ ಜೆರೋಮರು ಬೆತ್ಲೆಹೇಮಿನಲ್ಲಿ ದೇಹಬಿಟ್ಟರು.

ಕಾಲಕ್ರಮದಲ್ಲಿ ಅವರ ಅನುವಾದವೇ ವಲ್ಗೇಟ್ ಎಂಬ ಹೆಸರಿನಿಂದ ಪಶ್ಚಿಮ ಯೂರೋಪಿನ ಬೈಬಲ್ ಆಯಿತು. 1450ರ ದಶಕದಲ್ಲಿ ಗುಟೆನ್‌ಬರ್ಗನು ಅಚ್ಚುಹಾಕಿದ ಬೈಬಲ್ಲೂ ಅದೇ. ಆದರೆ ಕೀರ್ತನೆಗಳನ್ನು ಮಾತ್ರ ಜನರು ಬಿಟ್ಟುಕೊಡಲಿಲ್ಲ. ಹೀಬ್ರೂವಿನಿಂದ ಮಾಡಿದ ಹೊಸ ಅನುವಾದವನ್ನು ಒಲ್ಲದೆ, ಗ್ರೀಕಿನ ಆಧಾರದಿಂದ ಅವರೇ ಮೊದಲು ಪರಿಷ್ಕರಿಸಿದ್ದ ಪಾಠವನ್ನೇ ಹಾಡುತ್ತ ಬಂದರು. ಬಾಲ್ಯದಲ್ಲಿ ಬಾಯಿಪಾಠವಾದುದನ್ನು ಯಾವ ಪಂಡಿತನೂ ಅಳಿಸಲಾರನು. ಲೂಥರನು 1534ರ ಜರ್ಮನ್ ಬೈಬಲ್ಲಿನಲ್ಲಿ ಅಪೋಕ್ರಿಫಗಳನ್ನು ಪ್ರತ್ಯೇಕವಾಗಿಟ್ಟು ಜೆರೋಮರ ಎಣಿಕೆಯನ್ನು ಅನುಸರಿಸಿದನು. 1546ರಲ್ಲಿ ಟ್ರೆಂಟ್ ಮಹಾಸಭೆಯು ಆ ಗ್ರಂಥಗಳೂ ಪವಿತ್ರವೆಂದು ಸಾರುವುದರ ಜೊತೆಗೆ ಜೆರೋಮರ ವಲ್ಗೇಟನ್ನೇ ಪ್ರಮಾಣವೆಂದು ಘೋಷಿಸಿತು. ಹೀಗೆ ಎರಡು ಪಕ್ಷಗಳೂ ಒಬ್ಬರನ್ನೇ ಆಶ್ರಯಿಸಿದವು.

ಕನ್ನಡಕ್ಕೂ ಈ ಇತಿಹಾಸದ ನೆರಳು ಬಿದ್ದಿತು. ಬ್ರಿಟಿಷ್ ಬೈಬಲ್ ಸೊಸೈಟಿಯು ಅಪೋಕ್ರಿಫಗಳ ಪ್ರಕಟಣೆಗೆ ಹಣ ಕೊಡಬಾರದೆಂದು 1826ರಲ್ಲಿ ನಿರ್ಧರಿಸಿತು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1830ರ ದಶಕದ ಆರಂಭದಲ್ಲಿ ಸಂಪೂರ್ಣ ಕನ್ನಡ ಸತ್ಯವೇದವು ಸಿದ್ಧವಾಯಿತು. ಮುಂದೆ ಬಾಸೆಲ್ ಮಿಷನ್ನಿನ ವಿದ್ವಾಂಸರೂ ಪರಿಷ್ಕರಣಕ್ಕೆ ಕೈಹಚ್ಚಿದರು. ಆ ಪರಂಪರೆಯದೇ 66 ಪುಸ್ತಕಗಳ ಸಂಪುಟ ಮತ್ತು ಯೆಹೋವ ಎಂಬ ನಾಮ. ಕಥೋಲಿಕ ಸಂಪುಟದ ಸರ್ವೇಶ್ವರ ಶಬ್ದವಾದರೋ ಅದೋನಾಯ್ ಮತ್ತು ಡೊಮಿನುಸ್ ಪದಗಳ ಸಂಪ್ರದಾಯಕ್ಕೆ ಸೇರಿದ್ದು. ಪೂಜಾವಿಧಿಗಳಲ್ಲಿ ಆ ನಾಲ್ಕಕ್ಷರದ ನಾಮವನ್ನು ಉಚ್ಚರಿಸಬಾರದೆಂದು ವ್ಯಾಟಿಕನ್ 2008ರಲ್ಲಿಯೂ ಸೂಚನೆ ನೀಡಿತು. ನಾಮವನ್ನು ಕರೆದು ಸ್ತುತಿಸುವುದು ಒಂದು ಭಕ್ತಿ, ಕರೆಯಲಂಜಿ ಮೌನವಾಗಿರುವುದು ಇನ್ನೊಂದು ಭಕ್ತಿ. ಎರಡಕ್ಕೂ ಕನ್ನಡದಲ್ಲಿ ಸ್ಥಳವಿದೆ.

ನಮ್ಮ ಶಾಲೆಯಲ್ಲಿ ಕಲಿತವರು ಇಂದು ಹಲವು ಊರುಗಳಲ್ಲಿ ಹಲವು ಭಾಷೆಗಳ ನಡುವೆ ಬಾಳುತ್ತಿದ್ದಾರೆ. ಪರಭಾಷೆಯನ್ನು ಕಲಿಯುವಾಗ ಅದರ ಮೂಲದವರೆಗೂ ಹೋಗಿ ಕಲಿಯುವ ಛಲವೂ, ತಮ್ಮ ನುಡಿಗೆ ತರುವಾಗ ಕೇಳುವವರ ಮನಸ್ಸನ್ನು ನೋಯಿಸದ ಮರ್ಯಾದೆಯೂ ಅವರಿಗೆ ಬೇಕು. ಮೊದಲನೆಯದನ್ನು ಜೆರೋಮರಿಂದ ಪೂರ್ಣವಾಗಿ ಕಲಿಯಬಹುದು. ಎರಡನೆಯದನ್ನು ಅವರ ಮುಂಗೋಪವನ್ನು ಬಿಟ್ಟು ಕಲಿಯಬೇಕು.